ಚೀಟಿಯಲ್ಲಿ ಇಲ್ಲದ ಒಂದು ಚಿಟಿಕೆ

ಹಳೇ ದೋಣಿಕಟ್ಟೆ ಬೀದಿಯಲ್ಲಿ ತಾವ್ ಹುಯಿಲಾನಳ ಕೈ ಎಂದರೆ ತಕ್ಕಡಿಗೆ ಸಮ. ಹದಿನೇಳನೇ ವಯಸ್ಸಿಗೆ ನಾರುಬೇರಿನ ಅಂಗಡಿ ಸೇರಿದವಳು. ಮೊದಲ ಮೂರು ವರ್ಷ ಬೇರು ತೊಳೆದದ್ದು, ಬಿಸಿಲಿಗೆ ಹರವಿದ್ದು, ತೆಳ್ಳಗೆ ಹೆಚ್ಚಿದ್ದು, ಇಷ್ಟೇ. ಆಮೇಲೆ ಕೌಂಟರಿನ ಹಿಂದೆ ನಿಲ್ಲಲು ಬಿಟ್ಟರು. ನಿಂತವಳು ಮೂವತ್ತೆಂಟು ವರ್ಷ ಅಲ್ಲಿಂದ ಕದಲಲಿಲ್ಲ. ಗೋಡೆಯುದ್ದಕ್ಕೂ ಇದ್ದ ನೂರಿಪ್ಪತ್ತು ಖಾನೆಗಳಲ್ಲಿ ಯಾವುದರೊಳಗೆ ಏನಿದೆ ಎಂದು ತಿರುಗಿ ನೋಡದೆಯೇ ಕೈ ಹಾಕುತ್ತಿದ್ದಳು. ಏಳು ದಿನದ ಮದ್ದನ್ನು ಒಟ್ಟಿಗೆ ತೂಗಿ ಏಳು ಕಾಗದಗಳ ಮೇಲೆ ಕಣ್ಣಳತೆಯಲ್ಲೇ ಹಂಚಿಬಿಡುವಳು. ಒಂದು ಪೊಟ್ಟಣಕ್ಕೂ ಇನ್ನೊಂದಕ್ಕೂ ಒಂದೆಲೆ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಮಾಲೀಕರು ಅವಳನ್ನು ಬಿಡಲಿಲ್ಲ.

ಇಂಥ ಕೈ ಇದ್ದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಪಂಡಿತರು ಬರೆದದ್ದನ್ನು ಓದುವುದು ಸಾಲದೆ, ಅವರು ಬರೆಯಬೇಕಾಗಿದ್ದದ್ದನ್ನೂ ಓದತೊಡಗುತ್ತಾರೆ. ಚೀಟಿಯಲ್ಲಿ ಇಲ್ಲದ ಒಂದು ಎಳೆಯನ್ನೂ ಪೊಟ್ಟಣಕ್ಕೆ ಸೇರಿಸಬಾರದು ಎನ್ನುವುದು ಆ ಕಸುಬಿನ ಮೊದಲ ಪಾಠ. ಹೊಸದಾಗಿ ಸೇರಿದ ಹುಡುಗಿಯರಿಗೆ ಆ ಪಾಠ ಹೇಳಿಕೊಡುತ್ತಿದ್ದವಳು ಹುಯಿಲಾನಳೇ. ತನಗೂ ಅದು ಅನ್ವಯಿಸುತ್ತದೆ ಎಂಬುದನ್ನು ಅವಳು ಎಂದೋ ಮರೆತಿದ್ದಳು.

ಮಕ್ಕಳ ಮೈಮೇಲೆ ಏಳುವ ಗಂಧೆಯ ವಿಷಯದಲ್ಲಂತೂ ಅವಳದೇ ಕಾರುಬಾರು. ಆ ಕಡೆಯವರು ಅದನ್ನು ಗಾಳಿಗಂಧೆ ಎನ್ನುತ್ತಾರೆ. ಬೆಳಿಗ್ಗೆ ತೊಡೆಯ ಮೇಲೆ ಕೆಂಪಗೆ ಎದ್ದದ್ದು ಮಧ್ಯಾಹ್ನಕ್ಕೆ ಅಲ್ಲಿ ಮಾಯವಾಗಿ ಕತ್ತಿನ ಮೇಲೆ ಕೂತಿರುತ್ತದೆ. ಗಾಳಿಯ ಹಾಗೆ ಬಂತು, ಗಾಳಿಯ ಹಾಗೆ ಹೋಯಿತು. ಕೆರೆದುಕೊಂಡು ಅಳುವ ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು ಒಳಕೋಣೆಯಲ್ಲಿ ಕೂತಿರುತ್ತಿದ್ದ ಪೆಂಗ್ ಪಂಡಿತರಿಗಿಂತ ಮೊದಲು ಹುಯಿಲಾನಳನ್ನೇ ಕೇಳುತ್ತಿದ್ದರು. "ಮಾಚಿಪತ್ರೆ ಕುದಿಸಿದ ನೀರಲ್ಲಿ ಮೈ ತೊಳೆಸಿ. ಸೀಗಡಿ, ಕುರಿ ಮಾಂಸ, ಕಳಲೆ ಮನೆ ಹೊಸ್ತಿಲು ದಾಟಬಾರ್ದು, ಎಲ್ಲಾ ನಂಜು. ಪಂಡಿತರು ಕಷಾಯ ಬರ್ಕೊಡ್ತಾರೆ, ಕುಡಿಸಿ. ಮೂರು ದಿನದಲ್ಲಿ ನನ್ನ ಹೆಸರು ಹೇಳ್ತೀರಿ." ಮೂರು ದಿನದಲ್ಲಿ ಮಕ್ಕಳ ಗಂಧೆ ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ. ಹೆಸರು ಮಾತ್ರ ಹುಯಿಲಾನಳಿಗೆ ಉಳಿಯುತ್ತಿತ್ತು.

ಅವಳಿಗೆ ಒಬ್ಬನೇ ಮಗ, ಜಿಗಾಂಗ್. ಲಾರಿ ಓಡಿಸುವವನು, ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಲಾರಿ ತೆಗೆದುಕೊಂಡು ಕಡಲ ಕಡೆಗೆ ಹೋದವನು ಹೆಂಡತಿಯನ್ನೂ ಅಲ್ಲಿಂದಲೇ ತಂದ. ಸೊಸೆ ಹೈಯಾನ್ ಮೀನುಗಾರರ ಮಗಳು. ಅವಳ ಮೇಲೆ ಹುಯಿಲಾನ್‌ಗೆ ದ್ವೇಷವೇನೂ ಇರಲಿಲ್ಲ. ಅಡುಗೆಗೆ ಮೆಣಸಿನಕಾಯಿ ಹಾಕುವಾಗ ಕೈ ಬಿಗಿ ಹಿಡಿಯುತ್ತಾಳೆ, ಮಾತು ಕಮ್ಮಿ, ತವರಿನಿಂದ ಒಣ ಸೀಗಡಿಯ ಪಾರ್ಸೆಲ್ ಬಂದಾಗ ಮಾತ್ರ ಮುಖ ಅರಳುತ್ತದೆ, ಇಷ್ಟೇ ದೂರು. "ಗಂಡ ಬಂದ್ರೂ ಅವಳಿಗೆ ಅಷ್ಟು ಖುಷಿಯಿಲ್ಲ ಕಣ್ರೇ, ಸೀಗಡಿ ಬಂದ್ರೆ ಸಾಕು" ಎಂದು ಬೀದಿಯ ಹೆಂಗಸರನ್ನು ನಗಿಸುತ್ತಿದ್ದಳು.

ಮೊಮ್ಮಗಳು ಮಿಲಿಗೆ ಎರಡು ವರ್ಷವಾದಾಗ ಆ ಸೀಗಡಿ ಹಾಕಿದ ಸಾರು ಕುಡಿದು ಮೈಯೆಲ್ಲ ಗಂಧೆ ಎದ್ದಿತ್ತು. ಅಂದಿನಿಂದ ಅಡುಗೆಮನೆಗೆ ಸೀಗಡಿ ಬರಲಿಲ್ಲ. ಹೈಯಾನ್ ಪಾರ್ಸೆಲನ್ನು ತನ್ನ ಕೋಣೆಯ ಡಬ್ಬಿಯಲ್ಲಿಟ್ಟು, ಮಗು ಶಿಶುವಿಹಾರಕ್ಕೆ ಹೋದ ಹೊತ್ತಿನಲ್ಲಿ ನಾಲ್ಕು ಬಾಯಿಗೆ ಹಾಕಿಕೊಂಡು, ಸೋಪಿನಲ್ಲಿ ಕೈ ತೊಳೆದು ಬರುತ್ತಿದ್ದಳು. ಹುಯಿಲಾನ್ ಅದನ್ನು ನೋಡಿಯೂ ಇದ್ದಳು. ಆ ಕೈ ತೊಳೆಯುವ ಪರಿ ನೋಡಿ ಇವಳು ಎಚ್ಚರದ ಹುಡುಗಿ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದಳು ಕೂಡ.

ಮಿಲಿಗೆ ಐದು ತುಂಬಿದ ವರ್ಷ, ಊರ ಸುತ್ತ ಸಾಸಿವೆ ಹೂವಾದ ಹೊತ್ತಿಗೆ, ನಂಜಿನದು ಏನೂ ತಿನ್ನದೆಯೇ ಮತ್ತೆ ಗಂಧೆ ಎದ್ದಿತು. ಹೈಯಾನ್ ಅವಳನ್ನು ಪೆಂಗ್ ಪಂಡಿತರ ಹತ್ತಿರ ಕರೆದುಕೊಂಡು ಹೋದಳು. ಪಂಡಿತರು ನಾಲಿಗೆ ನೋಡಿ, ನಾಡಿ ಹಿಡಿದು, ಯಾವುದು ಆಗಿಬರುವುದಿಲ್ಲ ಎಂದು ಕೇಳಿ, ಎಂಟು ಪದಾರ್ಥ ಬರೆದುಕೊಟ್ಟರು. ಚೀಟಿ ಕೌಂಟರಿಗೆ ಬಂತು.

ಹುಯಿಲಾನ್ ಓದಿದಳು. ಗಾಳಿ ತಡೆಯುವ ಬೇರು ಇದೆ, ಕೆಂಪು ಬೇರು ಇದೆ, ಜ್ಯೇಷ್ಠಮಧು ಇದೆ. ಜೀರುಂಡೆ ಪೊರೆ ಇಲ್ಲ. ಅವಳು ಇನ್ನೊಂದು ಸಲ ಓದಿದಳು. ಮಕ್ಕಳ ಗಂಧೆಗೆ ಜೀರುಂಡೆ ಪೊರೆ ಇಲ್ಲದ ಮದ್ದು ಎಂದರೆ ಉಪ್ಪಿಲ್ಲದ ಸಾರು. ತನ್ನ ಚರ್ಮವನ್ನೇ ಕಳಚಿ ಮರಕ್ಕೆ ಅಂಟಿಸಿ ಹಾರಿಹೋಗುವ ಹುಳು ಅದು. ಚರ್ಮದಲ್ಲಿ ಸಿಕ್ಕಿಕೊಂಡದ್ದನ್ನು ಬಿಡಿಸಲು ಅದಕ್ಕಿಂತ ಇನ್ನೇನು ಬೇಕು? ಪಂಡಿತರಿಗೆ ಎಪ್ಪತ್ತೊಂಬತ್ತು. ಒಂದೇ ವಾರದಲ್ಲಿ ಮೂರು ಸಲ ಕೊಡೆ ಮರೆತು ಹೋಗಿದ್ದರು. ಇದನ್ನೂ ಮರೆತಿದ್ದಾರೆ, ಪಾಪ ಎಂದುಕೊಂಡು ಖಾನೆ ಎಳೆದಳು. ಏಳು ಪೊಟ್ಟಣಕ್ಕೂ ಒಂದೊಂದು ಚಿಟಿಕೆ ಪುಡಿಮಾಡಿ ಉದುರಿಸಿ ದಾರ ಕಟ್ಟಿದಳು. ಒಳಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಹತ್ತು ಹೆಜ್ಜೆಯ ದೂರ.

ಮೊದಲ ದಿನ ಕಷಾಯ ಕುಡಿದ ಮಗು ಸ್ವಲ್ಪ ಕೆರೆದುಕೊಂಡಿತು. ಎರಡನೇ ದಿನ ಬೆನ್ನೆಲ್ಲ ದದ್ದರಿಸಿತು.

"ಅಮ್ಮಾ, ಜಾಸ್ತಿ ಆಗ್ತಿದೆಯಲ್ಲ. ನಿಲ್ಲಿಸೋಣ್ವಾ?" ಎಂದು ಹೈಯಾನ್ ಕೇಳಿದಳು.

"ಒಳಗಿನ ನಂಜು ಹೊರಗೆ ಬರ್ತಿದೆ ಕಣೇ. ಬರ್ಲಿ ಬಿಡು. ಒಳಗೇ ಉಳ್ಕೊಂಡ್ರೆ ಕಷ್ಟ."

"ಇಷ್ಟೊಂದಾ?"

"ನಿಮ್ಮೂರಲ್ಲಿ ಮೀನಿನ ಮದ್ದು ಇರ್ಬಹುದು, ನಂಗೆ ಗೊತ್ತಿಲ್ಲ. ಇದು ನಾನು ಕೂದಲು ನೆರೆಸ್ಕೊಂಡ ಕಸುಬು."

ಮೂರನೇ ದಿನ ಮಧ್ಯಾಹ್ನ ಬಟ್ಟಲು ಕೆಳಗಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಮಿಲಿಯ ತುಟಿ ಊದಿಕೊಂಡಿತು, ಕಣ್ಣು ಮುಚ್ಚಿಹೋಗುವಷ್ಟು ರೆಪ್ಪೆ ದಪ್ಪಗಾಯಿತು. "ಅಜ್ಜಿ, ಗಂಟಲಲ್ಲಿ ಏನೋ ಕೂತಿದೆ" ಎಂದಿತು ಮಗು, ಗೊಗ್ಗರು ದನಿಯಲ್ಲಿ. ಹೈಯಾನ್ ಅವಳನ್ನು ಬಾಚಿಕೊಂಡು ಓಡಿದಳು. ಹುಯಿಲಾನ್ ಒಂದೇ ಕಾಲಿನ ಚಪ್ಪಲಿಯಲ್ಲಿ ಹಿಂದೆ ಓಡಿದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಮೂಗಿಗೆ ಗಾಳಿ ಕೊಟ್ಟು, ಅರ್ಧ ಗಂಟೆಯಲ್ಲಿ ಮಗುವಿನ ಉಸಿರು ಸಲೀಸಾಯಿತು. ಆಮೇಲೆ ಡಾಕ್ಟರಮ್ಮ, ಮಗುವಿಗೆ ಏನೇನು ಆಗಿಬರುವುದಿಲ್ಲ ಎಂದು ಬರೆದಿಡುವ ಕಾರ್ಡು ಹಿಡಿದು ಕೂತಳು. ಮಿಲಿಯ ತಾಯಿಯಷ್ಟೇ ವಯಸ್ಸಿನವಳು. ಏನು ತಿಂದಳು ಎಂದು ಕೇಳಿದಳು. ಗಂಜಿ, ಮೊಟ್ಟೆ, ಸೌತೆಕಾಯಿ ಎಂದು ಹೈಯಾನ್ ಒಂದೊಂದೇ ಹೇಳಿದಳು. ಔಷಧಿ? ಕಷಾಯ. ಹುಯಿಲಾನ್ ಜೇಬಿನಿಂದ ಚೀಟಿ ತೆಗೆದು ಕೊಟ್ಟಳು.

ಡಾಕ್ಟರಮ್ಮ ಅದನ್ನು ಮೇಲಿಂದ ಕೆಳಗೆ ಓದಿ ತಲೆಯೆತ್ತಿದಳು. "ಇದ್ರಲ್ಲಿ ಬರ್ದಿರೋದು ಬಿಟ್ಟು ಬೇರೆ ಏನಾದ್ರೂ ಹಾಕಿದ್ರಾ?"

"ಇಲ್ಲ" ಎಂದಳು ಹುಯಿಲಾನ್.

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಒಂದು ಪಾಪ. ಆದರೆ ಆ 'ಇಲ್ಲ' ಒಂಟಿಯಾಗಿ ನಿಂತದ್ದು ಅವಳಿಗೇ ಸಹಿಸಲಾಗಲಿಲ್ಲ. ಅದಕ್ಕೊಂದು ಆಸರೆ ಕೊಡಲು ಇನ್ನೊಂದು ಮಾತು ಸೇರಿಸಿದಳು: "ಮನೇಲಿ ಒಣ ಸೀಗಡಿ ಇದೆ. ನಮ್ಮ ಸೊಸೆ ಕಡಲ ಕಡೆಯವಳು."

ಹೈಯಾನ್ ತಿರುಗಿ ನೋಡಿದಳು. ಬೈಗುಳದ ನೋಟವಾಗಿದ್ದರೆ ಹುಯಿಲಾನ್ ತಡೆದುಕೊಳ್ಳುತ್ತಿದ್ದಳು. ಆ ಹುಡುಗಿ ತನ್ನ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡಳು, ನಿಜವಾಗಿಯೂ ಏನಾದರೂ ಅಂಟಿತ್ತೇನೋ ಎಂಬಂತೆ. ಡಾಕ್ಟರಮ್ಮ ಕಾರ್ಡಿನಲ್ಲಿ ಸೀಗಡಿ ಎಂದು ಬರೆದಳು. ಮುಂದಿನ ಸಲ ಇದಕ್ಕಿಂತ ಜೋರಾಗಿ ಬರಬಹುದು, ಹುಷಾರು ಎಂದಳು.

ಬೀದಿಗೆ ಬರುವಷ್ಟರಲ್ಲಿ ತೋಫು ಮಾರುವ ಹೌ ಅಜ್ಜಿ ಎದುರಾದಳು. ಏನಾಯ್ತು ಎಂದಳು. ಹುಯಿಲಾನ್ ಆಸ್ಪತ್ರೆಯಲ್ಲಿ ಆಡಿದ್ದನ್ನೇ ಆಡಿದಳು. ಎರಡನೇ ಸಲಕ್ಕೆ ಸುಳ್ಳು ನಾಲಿಗೆಗೆ ಒಗ್ಗಿಬಿಡುತ್ತದೆ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುತ್ತಾರಲ್ಲ, ಇಲ್ಲಿ ಅತ್ತೆ ಒಡೆದ ಪಾತ್ರೆಯನ್ನು ಸೊಸೆಯ ಕೈಗೇ ಕೊಟ್ಟಾಗಿತ್ತು. ಮಾರನೆಯ ದಿನ ನೀರು ಹಿಡಿಯಲು ಹೋದ ಹೈಯಾನ್‌ಗೆ ಹೆಂಗಸರು ಕೇಳಿಸುವ ಹಾಗೆಯೇ ಮಾತಾಡಿದರು. "ಎರಡು ಸೀಗಡಿ ಬಿಟ್ಟಿರೋಕೆ ಆಗ್ಲಿಲ್ವೇನೇ ತಾಯಿ? ಮಗಳಿಗಿಂತ ನಾಲಿಗೆ ಹೆಚ್ಚಾಯ್ತಾ?" ಹೈಯಾನ್ ಮನೆಗೆ ಬಂದು ಡಬ್ಬಿ ಎತ್ತಿಕೊಂಡು ಹೋಗಿ ಇದ್ದದ್ದನ್ನೆಲ್ಲ ನದಿಗೆ ಸುರಿದಳು. ತವರಿಗೆ ಫೋನ್ ಮಾಡಿ ಇನ್ನು ಮೇಲೆ ಏನೂ ಕಳಿಸಬೇಡಿ ಎಂದಳು. ಆ ಕಡೆಯಿಂದ ಅವಳ ತಾಯಿ ಅಳುತ್ತಿದ್ದುದು ಪಕ್ಕದ ಕೋಣೆಯಲ್ಲಿದ್ದ ಹುಯಿಲಾನ್‌ಗೂ ಕೇಳಿಸಿತು.

ಆಗಲೂ ಅವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು: ಜೀರುಂಡೆ ಪೊರೆಯಿಂದ ಯಾರಿಗೂ ಏನೂ ಆದದ್ದಿಲ್ಲ, ಸಾವಿರ ಮಕ್ಕಳಿಗೆ ಕೊಟ್ಟಿದ್ದೇನೆ. ಆ ಸಮಾಧಾನಕ್ಕೆ ಮುದ್ರೆ ಒತ್ತಿಸಿಕೊಳ್ಳಲೆಂದೇ ಪೆಂಗ್ ಪಂಡಿತರ ಕೋಣೆಗೆ ಹೋದಳು. ಲೋಟಕ್ಕೆ ಬಿಸಿನೀರು ಬಗ್ಗಿಸುತ್ತ, ಏನೋ ನೆನಪಾದವಳ ಹಾಗೆ ಕೇಳಿದಳು.

"ಪಂಡಿತ್ರೇ, ನಮ್ಮ ಮಿಲಿ ಚೀಟೀಲಿ ಜೀರುಂಡೆ ಪೊರೆ ಬರೀಲಿಲ್ಲ ನೀವು."

"ಬರೀಲಿಲ್ಲ."

"ಮರ್ತ್ರೇನೋ ಅಂತ."

"ಕೊಡೆ ಮರೀತೀನಮ್ಮ, ಮದ್ದು ಮರೆಯಲ್ಲ. ಸೀಗಡಿ ಆಗಲ್ಲ ಅಂದ್ಲು ಅವಳ ತಾಯಿ. ಅಂಥಾ ಮಗೂಗೆ ನೀರಿನ ಹುಳದ ಸಿಪ್ಪೇನೂ ಒಂದೇ, ಮರದ ಹುಳದ ಸಿಪ್ಪೇನೂ ಒಂದೇ. ಬೇರು ಎಲೇಲೆ ಮುಗಿಸ್ಬೇಕು. ಯಾಕೆ ಕೇಳ್ದೆ?"

"ಸುಮ್ನೆ ಕೇಳ್ದೆ" ಎಂದಳು ಹುಯಿಲಾನ್.

ಹೊರಗೆ ಬಂದು ಕೌಂಟರಿನ ಹಿಂದೆ ನಿಂತಳು. ಯಾರೋ ಚೀಟಿ ಕೊಟ್ಟರು. ಎರಡು ಸಲ ಓದಿ, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ನೋಡಿ ತೂಗಿದಳು. ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಕೌಂಟರ್ ಹೋಗುತ್ತದೆ. ಚೀಟಿ ಮೀರಿ ಮದ್ದು ಹಾಕಿದವಳನ್ನು ಯಾವ ಅಂಗಡಿಯೂ ಇಟ್ಟುಕೊಳ್ಳುವುದಿಲ್ಲ. ಅವಳೇ ಆಗಿದ್ದರೂ ಇಟ್ಟುಕೊಳ್ಳುತ್ತಿರಲಿಲ್ಲ. ಮಗು ಹುಷಾರಾಗಿದೆಯಲ್ಲ, ನಾಲ್ಕು ದಿನ ಕಳೆಯಲಿ ಎಂದುಕೊಂಡಳು.

ಒಂದು ರಾತ್ರಿಯಷ್ಟೇ ಕಳೆಯಿತು. ಮಾರನೆಯ ಬೆಳಿಗ್ಗೆ ಅಂಗಡಿಗೆ ಹೊರಟವಳಿಗೆ ಅಡುಗೆಮನೆಯಿಂದ ಕಷಾಯದ ವಾಸನೆ ಬಂತು. ಒಲೆಯ ಮೇಲೆ ಮಣ್ಣಿನ ಕುಡಿಕೆ ಕುದಿಯುತ್ತಿತ್ತು. ಪಕ್ಕದಲ್ಲಿ ಬಿಚ್ಚಿದ ಪೊಟ್ಟಣದ ಕಾಗದ. ಮೊಳೆಗೆ ನೇತುಹಾಕಿದ್ದ ನಾಲ್ಕರಲ್ಲಿ ಮೂರು ಉಳಿದಿದ್ದವು.

"ಏನೇ ಇದು?"

ಹೈಯಾನ್ ತಲೆಯೆತ್ತಲಿಲ್ಲ. "ಮತ್ತೆ ಕೈಮೇಲೆ ಎರಡು ಗಂಧೆ ಎದ್ದಿದೆ ಅಮ್ಮ. ಉಳಿದ ಮದ್ದು ಕುಡಿಸ್ಬಿಡೋಣ ಅಂತ. ನಾನು ಸರಿಯಾಗಿ ಪಥ್ಯ ಮಾಡ್ಲಿಲ್ಲ, ಅದಕ್ಕೇ ನಾಟ್ಲಿಲ್ಲ. ಈಗ ಮನೇಲಿ ಏನೂ ಇಲ್ಲ. ಡಬ್ಬಿ ಕೂಡ ಎಸ್ದೆ." ಒಲೆಯ ಉರಿ ಸಣ್ಣ ಮಾಡುತ್ತ ಹೇಳಿದಳು: "ಅವತ್ತು ಪಾರ್ಸೆಲ್ ಬಿಚ್ಚಿದ ಕೈ ನೆಟ್ಟಗೆ ತೊಳ್ದಿರ್ಲಿಲ್ವೇನೋ. ನಂಗೆ ನೆನಪಿಲ್ಲ. ನನ್ನಿಂದ ತಪ್ಪಾಯ್ತು ಅಮ್ಮ, ಮನಸ್ಸಲ್ಲಿ ಇಟ್ಕೋಬೇಡಿ."

ಹುಯಿಲಾನ್ ಕುಡಿಕೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಎತ್ತಿ ಬಚ್ಚಲಿಗೆ ಸುರಿದಳು. ಬೆರಳು ಸುಟ್ಟದ್ದು ಆಮೇಲೆ ಗೊತ್ತಾಯಿತು. "ಹಳೇದಾಗಿದೆ. ಬೇಡ" ಎಂದಳು. ಆಗಲೂ ಸುಳ್ಳೇ ಮೊದಲು ಬಂತು.

"ವಾರದೊಳಗೆ ಹಳೇದಾಗತ್ತಾ? ಹಾಗಾದ್ರೆ ಚೀಟಿ ಕೊಡಿ, ಹೊಸದು ತರ್ತೀನಿ."

"ಚೀಟೀದು ಸರಿಯಾಗಿದೆ. ಪೊಟ್ಟಣದ್ದು ಸರಿಯಿಲ್ಲ." ಹುಯಿಲಾನ್ ಬಚ್ಚಲ ಕಡೆಗೇ ಮುಖ ಮಾಡಿ ನಿಂತು ಹೇಳಿದಳು. "ಪಂಡಿತ್ರು ಬರೀದೇ ಇದ್ದಿದ್ದು ನಾನು ಹಾಕ್ದೆ. ಜೀರುಂಡೆ ಪೊರೆ. ಸೀಗಡಿ ಆಗ್ದೇ ಇರೋರಿಗೆ ಅದೂ ಆಗಲ್ವಂತೆ. ಅವರು ಬೇಕೂಂತ ಬಿಟ್ಟಿದ್ರು. ಮಗೂಗೆ ಆಗಿದ್ದು ನನ್ನಿಂದ. ನಿನ್ನ ಕೈಯಲ್ಲಿ ಏನೂ ಇರ್ಲಿಲ್ಲ."

ಹೈಯಾನ್ ಒಲೆ ಆರಿಸಿದಳು. ಆಮೇಲೆ ಕೇಳಿದಳು, "ನಿಮ್ಗೆ ಯಾವಾಗ ಗೊತ್ತಾಯ್ತು?"

ನಿನ್ನೆ ಎನ್ನಬಹುದಿತ್ತು. ಅದು ಅರ್ಧ ನಿಜವೂ ಆಗಿತ್ತು. "ಕಾರಣ ಗೊತ್ತಾಗಿದ್ದು ನಿನ್ನೆ. ಆದ್ರೆ ಡಾಕ್ಟ್ರು ಕೇಳ್ದಾಗ, ಹಾಕಿದ್ದೀನಿ ಅಂತ ನಂಗೆ ಗೊತ್ತೇ ಇತ್ತು. ಗೊತ್ತಿದ್ದೇ ನಿನ್ನ ಹೆಸರು ಹೇಳ್ದೆ."

ಹೈಯಾನ್ ಒಳಗೆ ಹೋಗಿ ಮಗಳಿಗೆ ಬಟ್ಟೆ ತೊಡಿಸಿ ಕರೆತಂದಳು. "ಕಾರ್ಡು ತಿದ್ದಿಸ್ಬೇಕು, ಬನ್ನಿ" ಎಂದಳು. ಆಸ್ಪತ್ರೆಯ ಬಾಗಿಲವರೆಗೆ ಮೂವರೂ ನಡೆದರು, ಮಿಲಿ ನಡುವೆ. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಸೀಗಡಿಯ ಕೆಳಗೆ ಜೀರುಂಡೆ ಪೊರೆ ಎಂದು ಬರೆದು, ಕಾರ್ಡನ್ನು ಹುಯಿಲಾನಳ ಕೈಗೆ ಕೊಡದೆ ಹೈಯಾನಳ ಕೈಗೆ ಕೊಟ್ಟಳು.

ಮಧ್ಯಾಹ್ನ ಹುಯಿಲಾನ್ ಅಂಗಡಿಯಲ್ಲೂ ಹೇಳಿದಳು. ಮಾಲೀಕರು ಪಂಡಿತರ ಮುಖ ನೋಡಿದರು. ಪಂಡಿತರು ಕನ್ನಡಕ ತೆಗೆದು ಒರೆಸಿಕೊಂಡು, "ಕೈ ಒಳ್ಳೇದಿತ್ತು" ಎಂದರು. ಇದೆ ಎನ್ನಲಿಲ್ಲ. ಅಂಗಡಿಯವರು ಊರಿಗೆ ಡಂಗುರ ಹೊಡೆಯಲಿಲ್ಲ. ತಮ್ಮ ಹೆಸರೂ ಉಳಿಯಬೇಕಲ್ಲ, ವಯಸ್ಸಾಯಿತೆಂದು ಬಿಟ್ಟಳು ಎಂದಷ್ಟೇ ಹೇಳಿದರು. ವಾರ ಕಳೆದು ಮನೆಗೆ ಬಂದ ಜಿಗಾಂಗ್ ಎಲ್ಲ ಕೇಳಿ, ತಾಯಿಯೊಡನೆ ಮೂರು ದಿನ ಮಾತಾಡಲಿಲ್ಲ. ಅದು ಅವಳಿಗೆ ಹಗುರವೇ ಎನಿಸಿತು.

ಉಳಿದದ್ದು ಬೀದಿ. ಅದೇ ಎಲ್ಲಕ್ಕಿಂತ ಕಷ್ಟವಾಗಿ ಕಂಡದ್ದರಿಂದ ದಿನ ತಳ್ಳುತ್ತ ಬಂದಳು. ಹೈಯಾನ್ ಕೇಳಲಿಲ್ಲ. ಕೇಳದೆ, ನೀರು ತರಲು ಮಾತ್ರ ಯಾರೂ ಇಲ್ಲದ ಹೊತ್ತು ನೋಡಿ ಹೋಗುತ್ತಿದ್ದಳು. ಹತ್ತನೇ ದಿನ ಸಂಜೆ ಹುಯಿಲಾನ್ ಎದ್ದು, ಹೌ ಅಜ್ಜಿಯ ತೋಫು ಗಾಡಿಯ ಸುತ್ತ ಹುರುಳಿಕಾಯಿ ಬಿಡಿಸುತ್ತ ಕೂತಿದ್ದ ಐದಾರು ಹೆಂಗಸರ ಮುಂದೆ ನಿಂತಳು. ಕೂರಲು ಜಾಗ ಬಿಟ್ಟರು. ಕೂರಲಿಲ್ಲ.

"ಒಂದು ಮಾತು ಹೇಳ್ಬೇಕು. ಮಿಲಿಗೆ ಆಗಿದ್ದು ಸೀಗಡಿಯಿಂದ ಅಲ್ಲ. ಹೈಯಾನ್ ಏನೂ ಮಾಡ್ಲಿಲ್ಲ. ಚೀಟೀಲಿ ಇಲ್ದೇ ಇದ್ದಿದ್ದು ನಾನು ಹಾಕಿದ್ದೆ. ಆಮೇಲೆ ನಾನೇ ಸುಳ್ಳು ಹೇಳ್ದೆ. ಅಂಗಡಿ ಬಿಟ್ಟಿದ್ದೂ ಅದಕ್ಕೇ."

ಹೌ ಅಜ್ಜಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. "ನೋಡ್ರೇ ಇವಳನ್ನ. ಸೊಸೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಿದಾಳೆ."

"ಅಲ್ಲ ಹೌ ಅಕ್ಕ, ನಿಜವಾಗ್ಲೂ ನಾನೇ."

"ಗೊತ್ತು ಬಿಡು, ಗೊತ್ತು. ನಲವತ್ತು ವರ್ಷದಲ್ಲಿ ಒಂದೆಲೆ ತಪ್ಪದ ಕೈ ಅದು, ಮೊಮ್ಮಗಳ ಮದ್ದಿಗೇ ತಪ್ಪತ್ತಾ? ಯಾರಿಗೆ ಹೇಳ್ತೀಯ?"

"ಮನೆ ಒಡೀಬಾರ್ದು ಅಂತ" ಎಂದಳು ಇನ್ನೊಬ್ಬಳು, ಅರ್ಥವಾದವಳ ಹಾಗೆ ತಲೆದೂಗಿ. "ನಮ್ಮತ್ತೆ ಆಗಿದ್ರೆ ಊರೆಲ್ಲಾ ಸಾರ್ತಿದ್ಲು."

ಹುಯಿಲಾನ್ ಮತ್ತೆ ಮೊದಲಿನಿಂದ ಹೇಳಿದಳು. ಎಷ್ಟು ಚಿಟಿಕೆ, ಯಾವ ದಿನ, ಡಾಕ್ಟರಮ್ಮ ಏನು ಕೇಳಿದಳು, ತಾನೇನೆಂದೆ, ಎಲ್ಲ. ಹೇಳಿದಷ್ಟೂ ಅವರ ಕಣ್ಣು ಒದ್ದೆಯಾಯಿತು. ಒಬ್ಬಳು ಅವಳ ಕೈಗೆ ಬಿಸಿ ತೋಫು ಕಟ್ಟಿಕೊಟ್ಟಳು. ಮಿಲಿಯ ಕೈ ಹಿಡಿದು ಅತ್ತೆಯನ್ನು ಕರೆಯಲು ಬಂದಿದ್ದ ಹೈಯಾನ್ ಗಾಡಿಯ ಆಚೆಗೆ ನಿಂತಿದ್ದಳು. ಹೌ ಅಜ್ಜಿ ಅವಳನ್ನು ನೋಡಿ ದನಿಯೇರಿಸಿದಳು. "ಇಂಥಾ ಅತ್ತೆ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ. ಕಾಲು ತೊಳ್ದು ನೀರು ಕುಡಿ."

ಹೈಯಾನ್ ಮಗುವನ್ನು ಎತ್ತಿಕೊಂಡು ಮನೆಯ ಕಡೆ ತಿರುಗಿದಳು. ಹುಯಿಲಾನ್ ತೋಫು ಪೊಟ್ಟಣ ಹಿಡಿದುಕೊಂಡೇ ಅವಳ ಹಿಂದೆ ಬಂದಳು. ಈ ಹೊಗಳಿಕೆಗಿಂತ ಅವರು ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಮನೆಯ ಬಾಗಿಲ ಹತ್ತಿರ ಸೊಸೆಯ ತೋಳು ಹಿಡಿದಳು.

"ನೀನಾದ್ರೂ ಹೇಳ್ಬಾರ್ದಿತ್ತೇನೇ? ಅತ್ತೆ ಹೇಳ್ತಿರೋದು ನಿಜ, ಅವಳೇ ಹಾಕಿದ್ದು ಅಂತ ಒಂದು ಮಾತು."

ಹೈಯಾನ್ ತೋಳು ಬಿಡಿಸಿಕೊಳ್ಳಲಿಲ್ಲ. ಕೋಪದಿಂದಲ್ಲ, ಆಯಾಸದಿಂದ ಹೇಳಿದಳು:

"ನಾನು ಹೇಳಿದ್ರೆ, ತನ್ನ ತಪ್ಪನ್ನ ಮುದುಕಿ ಮೇಲೆ ಹಾಕ್ತಿದಾಳೆ ಅಂತಾರೆ, ಅಮ್ಮ."